ಪೇಟೆ, ದಂಡು, ಬಡಾವಣೆ: ಕನ್ನಡ ಸಾಹಿತ್ಯ ಕಂಡ ಬೆಂಗಳೂರು

ಆಧುನಿಕ ಕನ್ನಡ ಸಾಹಿತ್ಯದಲ್ಲಿ ನಗರವನ್ನು ಕುರಿತು ನಡೆದಿರುವ ಚರ್ಚೆ ಬಹುಮಟ್ಟಿಗೆ ಹಳ್ಳಿ ಮತ್ತು ನಗರ ಎಂಬ ವೈರುಧ್ಯದ ಚೌಕಟ್ಟಿನೊಳಗೇ ನಡೆದಿದೆ. ಹಳ್ಳಿ ಎಂದರೆ ಬೇರು, ನಗರ ಎಂದರೆ ಬೇರು ಕಿತ್ತ ಸ್ಥಿತಿ. ಹಳ್ಳಿ ಸಮುದಾಯ, ನಗರ ಒಂಟಿತನ. ಈ ಚೌಕಟ್ಟಿನಿಂದ ಕೆಲವು ಒಳ್ಳೆಯ ಕೃತಿಗಳೂ ಅವುಗಳ ಬಗೆಗೆ ಅನೇಕ ಒಳ್ಳೆಯ ವಿಮರ್ಶಾ ಲೇಖನಗಳೂ ಬಂದಿವೆ ಎಂಬುದು ನಿಜ. ಆದರೆ ಇದರಿಂದ ಆದ ನಷ್ಟವನ್ನು ನಾವು ಲೆಕ್ಕ ಹಾಕಿದಂತಿಲ್ಲ. ಹಳ್ಳಿಯ ಕಥನದಲ್ಲಿ ಮೇಲುಕೇರಿ, ಕೆಳಕೇರಿ, ಅಗ್ರಹಾರ, ಕೆರೆಯಂಗಳ ಎಂದು ಸೂಕ್ಷ್ಮವಾಗಿ ಗುರುತು ಹಚ್ಚುವ ವಿಮರ್ಶೆ, ನಗರದ ಮಾತು ಬಂದಾಗ ಅದನ್ನು ಒಂದೇ ಮುದ್ದೆಯಾಗಿ ಕಾಣುತ್ತದೆ. ರಾಜಧಾನಿಯೆನಿಸಿದ ಬೆಂಗಳೂರಿನೊಳಗೆ ಎಷ್ಟು ಊರುಗಳಿವೆ, ಅವುಗಳಲ್ಲಿ ಯಾವುವು ಕನ್ನಡದ ಪುಟಗಳನ್ನು ಪ್ರವೇಶಿಸಿದವು, ಯಾವುವು ಹೊರಗೇ ಉಳಿದವು ಎಂಬ ಪ್ರಶ್ನೆಯನ್ನು ಎತ್ತುವುದು ಪ್ರಸ್ತುತ ಲೇಖನದ ಆಶಯ. ‘ಬೆಂಗಳೂರು ಯಾರದು’ ಎಂಬ ಪ್ರಶ್ನೆ ಬೀದಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಈ ಕಾಲದಲ್ಲಿ, ಕನ್ನಡ ಸಾಹಿತ್ಯ ಅದರಲ್ಲಿ ಎಷ್ಟನ್ನು ತನ್ನದೆಂದುಕೊಂಡಿತು ಎಂದು ಕೇಳಿಕೊಳ್ಳುವುದು ಅಗತ್ಯ.

ಈ ನಗರ ಒಂದೇ ಬೀಜದಿಂದ ಬೆಳೆದದ್ದಲ್ಲ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನಲಾದ ಕೋಟೆ–ಪೇಟೆಗಳ ಊರು ಒಂದು. ದೊಡ್ಡಪೇಟೆ, ಚಿಕ್ಕಪೇಟೆಗಳು ಒಂದನ್ನೊಂದು ಹಾಯುವ ಚೌಕದ ಸುತ್ತ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ ಎಂದು ಸರಕಿನ, ಕಸುಬಿನ, ಜಾತಿಯ ಹೆಸರು ಹೊತ್ತ ಬೀದಿಗಳು ಹರಡಿಕೊಂಡವು. 1809ರಲ್ಲಿ ಬ್ರಿಟಿಷರು ಇದರ ಪೂರ್ವಕ್ಕೆ ದಂಡುಪ್ರದೇಶವನ್ನು ಸ್ಥಾಪಿಸಿದಾಗ ಎರಡನೆಯ ಊರು ಹುಟ್ಟಿತು. ಇಂದಿಗೂ ಜನ ಆ ರೈಲು ನಿಲ್ದಾಣವನ್ನು ‘ದಂಡು’ ಎಂದೇ ಕರೆಯುತ್ತಾರೆ. 1898ರ ಪ್ಲೇಗಿನ ಹೊತ್ತಿಗೆ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳು ಮೂರನೆಯ ಬಗೆಯವು. ‘ಬಡಾವಣೆ’ ಎಂಬ, ವಿಸ್ತರಣೆಯ ಅರ್ಥವುಳ್ಳ ಪದ ನಮ್ಮ ಆಡುಮಾತಿನಲ್ಲಿ ನೆಲೆಗೊಂಡದ್ದು ಇಂಥ ಊರುಗಳ ಮೂಲಕ. ಗಿರಣಿಗಳ ಆಶ್ರಯದಲ್ಲಿ ಬೆಳೆದ ಕಾರ್ಮಿಕರ ಕೇರಿಗಳು ಇನ್ನೊಂದು. ಪೇಟೆ ಮತ್ತು ದಂಡುಗಳು ಒಂದೇ ನಗರಪಾಲಿಕೆಯ ಆಡಳಿತಕ್ಕೆ ಸೇರಿದ್ದು 1949ರಲ್ಲಿ. ಆಡಳಿತ ಒಂದಾಯಿತು, ಸಾಹಿತ್ಯದ ಮಟ್ಟಿಗೆ ಆ ವಿಲೀನ ಇನ್ನೂ ಪೂರ್ಣಗೊಂಡಿಲ್ಲ ಎಂಬುದು ಈ ಲೇಖನದ ವಾದ.

ಹೊಸಗನ್ನಡ ಸಾಹಿತ್ಯಕ್ಕೆ ಬೆಂಗಳೂರು ಮೊದಲು ಒದಗಿದ್ದು ಬಡಾವಣೆಯ ರೂಪದಲ್ಲಿ. ಡಿ.ವಿ.ಜಿ., ಮಾಸ್ತಿ ಮೊದಲಾದವರ ಬಾಳು ಬಸವನಗುಡಿ, ಗವಿಪುರಗಳ ಸುತ್ತ ಬೆಳೆಯಿತು. ಮಾಸ್ತಿಯವರ ಕತೆಗಳಲ್ಲಿ ಬೀದಿಯ ಹೆಸರು ಮುಖ್ಯವಲ್ಲ; ಮಿತ್ರರು ಸೇರಿ ಮಾತನಾಡುವ ಒಂದು ಜಗಲಿ, ಅಲ್ಲಿ ಒಬ್ಬರು ಹೇಳಿದ ಸಂಗತಿಯನ್ನು ಇನ್ನೊಬ್ಬರು ತಾಳ್ಮೆಯಿಂದ ಕೇಳುವ ಸೌಜನ್ಯ, ಇವು ಮುಖ್ಯ. ಆ ಸೌಜನ್ಯಕ್ಕೂ ಒಂದು ಭೂಗೋಲವಿದೆ ಎಂಬುದನ್ನು ನಾವು ಮರೆಯುತ್ತೇವೆ. ಕೈಲಾಸಂ ಅವರಲ್ಲಿ ಇದು ಇನ್ನಷ್ಟು ಸ್ಪಷ್ಟ. ವಕೀಲರ, ಗುಮಾಸ್ತರ, ಶಾಲೆಗೆ ಹೋಗುವ ಹುಡುಗರ ಮನೆಯೊಳಗಿನ ಇಂಗ್ಲಿಷು ಬೆರೆತ ಕನ್ನಡವನ್ನು ಅವರು ಅಕ್ಷರಕ್ಕೆ ಇಳಿಸಿದ ಬಗೆಯೇ ಒಂದು ನಕಾಶೆ. ಪಾತ್ರವೊಂದು ಬಾಯಿ ತೆರೆದ ಕೂಡಲೇ ಅದು ಊರಿನ ಯಾವ ಪಾಲಿಗೆ ಸೇರಿದ್ದೆಂದು ಪ್ರೇಕ್ಷಕನಿಗೆ ಗೊತ್ತಾಗುತ್ತಿತ್ತು. ರಂಗಪರದೆಯ ಮೇಲೆ ವಿಳಾಸ ಬರೆಯುವ ಅಗತ್ಯವಿರಲಿಲ್ಲ. ಆ ಭಾಷೆಯನ್ನು ‘ಹಾಸ್ಯದ ಭಾಷೆ’ ಎಂದಷ್ಟೇ ಕರೆದು ಮುಂದೆ ಸಾಗಿದ್ದು ನಮ್ಮ ನಾಟಕ ವಿಮರ್ಶೆಯ ಸೋಮಾರಿತನ ಎನ್ನದೆ ವಿಧಿಯಿಲ್ಲ.

ಕೆ.ಎಸ್. ನಿಸಾರ್ ಅಹಮದ್ ಅವರ ಮೊದಲ ಕವನ ಸಂಕಲನ 1960ರಲ್ಲಿ ‘ಮನಸು ಗಾಂಧಿಬಜಾರು’ ಎಂಬ ಹೆಸರಿನಲ್ಲಿ ಬಂದಿತು. ಈ ಶೀರ್ಷಿಕೆಯ ಬಗ್ಗೆ ತುಸು ನಿಂತು ಯೋಚಿಸಬೇಕು. ಕವಿಯೊಬ್ಬ ತನ್ನ ಮನಸ್ಸನ್ನು ಸಮುದ್ರಕ್ಕೋ ಕಾಡಿಗೋ ಹೋಲಿಸದೆ ಬೆಂಗಳೂರಿನ ಒಂದು ನಿರ್ದಿಷ್ಟ ಬಜಾರಿಗೆ ಹೋಲಿಸಿದ್ದು ಕನ್ನಡ ಕಾವ್ಯದಲ್ಲಿ ಸಣ್ಣ ಘಟನೆಯಲ್ಲ. ಹೂವಿನ ಅಂಗಡಿ, ತರಕಾರಿಯ ಸಾಲು, ಪುಸ್ತಕದ ಮಳಿಗೆ, 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ದೋಸೆಯ ಕಂಪು, ಇವೆಲ್ಲವೂ ಓದುಗನ ಅನುಭವದಲ್ಲಿ ಮೊದಲೇ ಇರುವುದರಿಂದ ರೂಪಕ ಕೆಲಸ ಮಾಡುತ್ತದೆ. ಅಂದರೆ ಆ ಹೊತ್ತಿಗೆ ಗಾಂಧಿಬಜಾರು ಕನ್ನಡದ ಸಾಮಾನ್ಯ ಆಸ್ತಿಯಾಗಿತ್ತು. ವಿವರಣೆ ಬೇಡದ ಸ್ಥಳವಾಗಿತ್ತು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ದೇವನಹಳ್ಳಿಯಲ್ಲಿ ಹುಟ್ಟಿದ ಮುಸ್ಲಿಂ ಕವಿಯೊಬ್ಬರು ಕನ್ನಡ ಕಾವ್ಯಲೋಕಕ್ಕೆ ಹೆಜ್ಜೆಯಿಡುವಾಗ ಆರಿಸಿಕೊಂಡ ದ್ವಾರ ಶಿವಾಜಿನಗರದ್ದಲ್ಲ, ಗಾಂಧಿಬಜಾರಿನದು. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಸಾಹಿತ್ಯದ ಮಾನ್ಯತೆ ಪಡೆದ ಬಡಾವಣೆ ಯಾವುದಿತ್ತೋ ಅದರ ಮೂಲಕವೇ ಒಳಗೆ ಬರಬೇಕಾದ ಸ್ಥಿತಿ ಅಂದು ಇದ್ದಿರಬೇಕು. ಮುಂದೆ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಕವಿತೆಯನ್ನು ಬರೆದವರೂ ಇವರೇ ಎಂಬುದನ್ನು ನೆನೆದರೆ, ಆ ಮೊದಲ ಶೀರ್ಷಿಕೆಯ ಆತ್ಮೀಯತೆಯ ಅಡಿಯಲ್ಲಿ ಒಂದು ಎಚ್ಚರವೂ ಇತ್ತೇನೋ ಎನಿಸುತ್ತದೆ.

ನವ್ಯದ ಬಹುಪಾಲು ಕಥೆ–ಕವಿತೆಗಳಲ್ಲಿ ನಗರ ಅನಾಮಿಕವಾಯಿತು. ಅದು ಬಾಡಿಗೆ ಕೋಣೆ, ಕಚೇರಿ, ಬಸ್ಸು, ಹೋಟೆಲು. ಅದಕ್ಕೆ ಪೇಟೆಯಿಲ್ಲ, ಕೇರಿಯಿಲ್ಲ. ಅಸ್ತಿತ್ವದ ಪ್ರಶ್ನೆಯನ್ನು ಎತ್ತಿಕೊಂಡ ನಾಯಕನಿಗೆ ತಾನು ಇಳಿಯುವ ಬಸ್ ನಿಲ್ದಾಣದ ಹೆಸರು ಅಮುಖ್ಯವಾಗಿ ಕಂಡಿರಬಹುದು. ಸ್ವಾರಸ್ಯದ ಸಂಗತಿಯೆಂದರೆ, ಕನ್ನಡದ ಲೇಖಕರು ಬೀದಿ ಬೀದಿಯಾಗಿ ಕಂಡ ನಗರ ಬೆಂಗಳೂರಲ್ಲ, ಮುಂಬಯಿ. ಯಶವಂತ ಚಿತ್ತಾಲರ ‘ಶಿಕಾರಿ’ (1979) ನವ್ಯದ ತೊಳಲಾಟವನ್ನೇ ಹೊತ್ತ ಕಾದಂಬರಿಯಾದರೂ ಅದರ ನಾಗಪ್ಪ ಓಡಾಡುವ ಮುಂಬಯಿಗೆ ವಿಳಾಸವಿದೆ. ಜಯಂತ ಕಾಯ್ಕಿಣಿಯವರ ಕತೆಗಳಲ್ಲಂತೂ ಚಾಳು, ಲೋಕಲ್ ರೈಲು, ಮುಚ್ಚಲಿರುವ ಚಿತ್ರಮಂದಿರ ಇವೆಲ್ಲ ಪಾತ್ರಗಳಷ್ಟೇ ಜೀವಂತ. ‘ಒಪೇರಾ ಹೌಸ್’ ಕತೆಯಲ್ಲಿ ಚಿತ್ರಮಂದಿರದ ಕಸಗುಡಿಸುವವನ ಕೈಗೆ ಸಿಗುವ ಫ್ಲಾಸ್ಕು ಒಂದು ಇಡೀ ಬಡಾವಣೆಯ ಒಳಬಾಳನ್ನು ತೆರೆಯುತ್ತದೆ. ಉತ್ತರ ಕನ್ನಡದಿಂದ ಹೋದವನು ಮುಂಬಯಿಯಲ್ಲಿ ಅಪರಿಚಿತ. ಅಪರಿಚಿತನಿಗೆ ಬೀದಿಯ ಹೆಸರು ನೆನಪಿಡುವುದು ಬದುಕಿನ ಅಗತ್ಯ. ಬೆಂಗಳೂರಿನಲ್ಲಿ ಕನ್ನಡ ಲೇಖಕ ತಾನು ಮನೆಯವನೆಂದು ಭಾವಿಸಿದ. ಮನೆಯವನು ಎಲ್ಲ ಕೋಣೆಗಳನ್ನೂ ನೋಡಿರಬೇಕೆಂದೇನಿಲ್ಲವಷ್ಟೆ.

ನೋಡದೆ ಉಳಿದ ಕೋಣೆಗಳಲ್ಲಿ ಒಂದರ ಬಾಗಿಲನ್ನು ಒಳಗಿನಿಂದಲೇ ತೆರೆದವರು ಸಿದ್ಧಲಿಂಗಯ್ಯ. ‘ಊರುಕೇರಿ’ ಆತ್ಮಕಥೆಯನ್ನು ದಲಿತ ಅನುಭವದ ದಾಖಲೆಯಾಗಿ ಓದಿದ್ದೇವೆ, ಅದರ ನಗೆಯ ಬಗ್ಗೆಯೂ ಸಾಕಷ್ಟು ಚರ್ಚಿಸಿದ್ದೇವೆ. ಅದು ಬೆಂಗಳೂರಿನ ಕಥನವೂ ಹೌದು ಎಂಬ ನಿಟ್ಟಿನಲ್ಲಿ ನಡೆದ ಓದು ಕಡಿಮೆ. ಮಾಗಡಿಯ ಬಳಿಯ ಮಂಚನಬೆಲೆಯಿಂದ ಹೊರಟ ಕುಟುಂಬ ಬಂದು ಸೇರುವುದು ಶ್ರೀರಾಮಪುರವನ್ನು. ಅಲ್ಲಿಂದ ಗೋಪಾಲಪುರದ ಹಾಸ್ಟೆಲ್ಲು, ಕಾಲೇಜು, ಸಭೆಗಳು. ಹಳ್ಳಿಯಿಂದ ನಗರಕ್ಕೆ ಬಂದವನು ಬೇರು ಕಳೆದುಕೊಳ್ಳುತ್ತಾನೆಂಬ ಸೂತ್ರ ಇಲ್ಲಿ ಸಂಪೂರ್ಣವಾಗಿ ಮುರಿದು ಬೀಳುತ್ತದೆ. ಮನುಷ್ಯರ ಹೆಗಲಿಗೆ ನೊಗ ಹೂಡುವುದನ್ನು ಕಂಡ ಬಾಲಕನಿಗೆ ಹಳ್ಳಿ ಕಳೆದುಕೊಂಡ ಸ್ವರ್ಗವಾಗಲು ಸಾಧ್ಯವಿಲ್ಲ. ಹಾಗೆಂದು ನಗರವೂ ಬಿಡುಗಡೆಯ ತಾಣವಲ್ಲ. ಶೀರ್ಷಿಕೆಯಲ್ಲಿರುವ ‘ಊರು’ ಮತ್ತು ‘ಕೇರಿ’ಗಳ ನಡುವಣ ಅಂತರ ಮಾಗಡಿ ರಸ್ತೆಯನ್ನು ಹಿಡಿದು ಅವರೊಂದಿಗೇ ನಡೆದುಬಂದಿದೆ. ಆದರೂ ಒಂದು ವ್ಯತ್ಯಾಸವಿದೆ. ನಗರದ ಕೇರಿಯಲ್ಲಿ ಓದುವುದಕ್ಕೆ ಒಂದು ಜಾಗ ಹುಡುಕಿಕೊಳ್ಳಬಹುದು, ಅದು ಸ್ಮಶಾನವಾದರೂ ಸರಿ. ಸಮಾಧಿಗಳ ನಡುವೆ ಕುಳಿತು ಓದುವ, ಅಲ್ಲಿಯೇ ಭಾಷಣದ ಅಭ್ಯಾಸ ಮಾಡುವ ಹುಡುಗನ ಚಿತ್ರವನ್ನು ಗಾಂಧಿಬಜಾರಿನ ರೂಪಕದ ಪಕ್ಕದಲ್ಲಿಟ್ಟು ನೋಡಬೇಕು. ಎರಡೂ ಒಂದೇ ನಗರದ ಮನಸ್ಸುಗಳು. ನಡುವಣ ದೂರ ಕೆಲವೇ ಮೈಲಿಗಳು.

ಈ ಕೃತಿಯ ಬೆಂಗಳೂರಿನಲ್ಲಿ ಸ್ಥಳಗಳು ಸುಮ್ಮನೆ ಹಿನ್ನೆಲೆಯಾಗಿ ಬರುವುದಿಲ್ಲ ಎಂಬುದು ನನಗೆ ಬಹು ಮುಖ್ಯವಾಗಿ ಕಾಣುತ್ತದೆ. ಹಾಸ್ಟೆಲ್ಲು ಎಂದರೆ ಊಟ, ಮೈದಾನವೆಂದರೆ ಸಭೆ, ರಸ್ತೆಯೆಂದರೆ ಮೆರವಣಿಗೆ. ಪ್ರತಿಯೊಂದು ಜಾಗವೂ ಅಲ್ಲಿ ಏನು ದೊರಕುತ್ತದೆ, ಏನು ದೊರಕುವುದಿಲ್ಲ ಎಂಬುದರಿಂದ ಗುರುತು ಪಡೆಯುತ್ತದೆ. ‘ಹೊಲೆಮಾದಿಗರ ಹಾಡು’ (1975) ಸಂಕಲನದ ಕವಿತೆಗಳ ಲಯ ಮೆರವಣಿಗೆಯ ಲಯವಾಗಿರುವುದಕ್ಕೆ ಈ ಭೂಗೋಲವೂ ಒಂದು ಕಾರಣ. ಆ ಕವಿತೆಗಳನ್ನು ಕೇವಲ ಜಾನಪದ ಧಾಟಿಯ ಮುಂದುವರಿಕೆಯಾಗಿ ನೋಡುವವರು, ಅವು ಗಿರಣಿ ಕಾರ್ಮಿಕರ ಬಡಾವಣೆಯ ಬೀದಿಯಲ್ಲಿ ಕೂಗಿ ಹೇಳಲು ಹುಟ್ಟಿದ ಪದ್ಯಗಳೆಂಬುದನ್ನು ಗಮನಿಸಿಲ್ಲ.

ಇನ್ನು ದಂಡಿನ ಮಾತು. ಹಲಸೂರು, ಶಿವಾಜಿನಗರ, ಫ್ರೇಜರ್ ಟೌನ್, ಕಾಕ್ಸ್ ಟೌನ್, ಮರ್ಫಿ ಟೌನ್, ಆಸ್ಟಿನ್ ಟೌನ್: ಈ ಹೆಸರುಗಳನ್ನು ಕೇಳಿದ ಕೂಡಲೇ ನೆನಪಾಗುವ ಕನ್ನಡ ಕೃತಿಯೊಂದನ್ನು ಹೆಸರಿಸಲು ಹೊರಟರೆ ನಮ್ಮ ವಿಮರ್ಶೆಯ ಪಟ್ಟಿಗಳು ಸಹಾಯಕ್ಕೆ ಬರುವುದಿಲ್ಲ. ಅಲ್ಲಿನವರ ಮಾತು ತಮಿಳು, ದಖನಿ ಉರ್ದು, ತೆಲುಗು, ಇಂಗ್ಲಿಷ್. ಆದ್ದರಿಂದ ಅದು ಕನ್ನಡ ಸಾಹಿತ್ಯದ ವಸ್ತುವಲ್ಲ ಎಂಬ ಅಲಿಖಿತ ತೀರ್ಮಾನ ಎಂದೋ ಆಗಿಹೋಗಿದೆ. ಈ ತೀರ್ಮಾನ ವಿಚಿತ್ರವಾದುದು. ಮನೆಮಾತು ತಮಿಳಾಗಿದ್ದ ಮಾಸ್ತಿ, ಕೈಲಾಸಂ, ರಾಜರತ್ನಂ ಅವರೇ ನವೋದಯವನ್ನು ಕಟ್ಟಿದವರ ಮುಂಚೂಣಿಯಲ್ಲಿದ್ದರು. ಬಸವನಗುಡಿಯ ತಮಿಳು ಕನ್ನಡವಾಗಬಲ್ಲುದಾಗಿತ್ತು, ಹಲಸೂರಿನ ತಮಿಳು ಆಗಲಿಲ್ಲ. ಇದರಲ್ಲಿ ಭಾಷೆಗಿಂತ ಜಾತಿ ಮತ್ತು ವರ್ಗದ ಪಾತ್ರವೇ ಹಿರಿದೆಂದು ಹೇಳಬೇಕಾಗುತ್ತದೆ. 1991ರ ಡಿಸೆಂಬರಿನಲ್ಲಿ ಕಾವೇರಿ ವಿವಾದದ ಸಂದರ್ಭದಲ್ಲಿ ತಮಿಳರ ವಸತಿಗಳ ಮೇಲೆ ನಡೆದ ಹಿಂಸೆ, 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ನಡೆದ ಗಲಭೆ, ಇವೆರಡೂ ಕನ್ನಡದ ಹೆಸರಿನಲ್ಲಿಯೇ ನಡೆದವು. ಅಂದಿನ ಪತ್ರಿಕೆಗಳಲ್ಲಿ ಬರಹಗಳು ಬಂದವು, ಕೆಲವು ಲೇಖಕರು ಧೈರ್ಯದಿಂದ ಮಾತನಾಡಿದರು. ಆದರೆ ಪಕ್ಕದ ಬೀದಿಯವನ ಮನೆಯೊಳಗೆ ಹೋಗಿ ಕುಳಿತು ಬರೆಯುವ ಕಥನ ಒಂದು ಪರಂಪರೆಯಾಗಿ ಬೆಳೆಯಲಿಲ್ಲ. ದ್ವೇಷಿಸುವ ಮೊದಲು ತಿಳಿದಿರಬೇಕಾದಷ್ಟನ್ನೂ ನಾವು ಆ ಬೀದಿಗಳ ಬಗ್ಗೆ ತಿಳಿದಿರಲಿಲ್ಲ ಎಂಬುದು ಕಹಿಯಾದ ಸಂಗತಿ.

ಪೇಟೆಗೆ ತನ್ನದೇ ಆದ ಒಂದು ಕಥನವಿದೆ; ಅದು ಪುಸ್ತಕದ್ದಲ್ಲ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗ, ಬೀದಿ ಬೀದಿಗಳನ್ನು ಹಾಯ್ದು ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಭೇಟಿಕೊಟ್ಟು ಮರಳುತ್ತದೆ. ಊರಿನ ಹಳೆಯ ಎಲ್ಲೆಗಳನ್ನು ವರ್ಷಕ್ಕೊಮ್ಮೆ ಕಾಲಿನಿಂದ ಅಳೆಯುವ ಆಚರಣೆಯಿದು. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಕರಗವನ್ನು ನಗರದ ಸ್ಮೃತಿಯೊಂದಿಗೆ ಜೋಡಿಸಿ ಬರೆದ ಅಧ್ಯಯನ, ಜಾನಕಿ ನಾಯರ್ ಅವರು 2005ರಲ್ಲಿ ಪ್ರಕಟಿಸಿದ ಇಪ್ಪತ್ತನೆಯ ಶತಮಾನದ ಬೆಂಗಳೂರಿನ ಚರಿತ್ರೆ, ಎರಡೂ ಇಂಗ್ಲಿಷಿನಲ್ಲಿ ಬಂದವು. ಸಮಾಜವಿಜ್ಞಾನಿಗಳು ಇಷ್ಟು ದೂರ ನಡೆದಾಗ ಸಾಹಿತ್ಯ ವಿಮರ್ಶಕರು ಹಳ್ಳಿ–ನಗರದ ಹಳೆಯ ಗಡಿಯಲ್ಲೇ ನಿಂತಿದ್ದೆವು.

ಇತ್ತೀಚಿನ ಕಥನಗಳಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಈ ದೃಷ್ಟಿಯಿಂದ ವಿಶಿಷ್ಟವಾದುದು. ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದಿರುವ ಕೋಣೆಗಳ, ಇರುವೆಗಳ ಕಾಟದ ಮನೆಯಿಂದ ಸಾಂಬಾರ ಪುಡಿಯ ವ್ಯಾಪಾರದಲ್ಲಿ ದುಡ್ಡು ಕಂಡ ಕುಟುಂಬ ದೊಡ್ಡ ಮನೆಗೆ ಸಾಗುತ್ತದೆ. ಇಲ್ಲಿ ಬಡಾವಣೆಯ ಹೆಸರಿಗಿಂತ ಮನೆಯ ಅಳತೆಯೇ ವಿಳಾಸ. ಇಕ್ಕಟ್ಟಾದ ಮನೆಯಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕೇಳಿಸುತ್ತಿತ್ತು. ದೊಡ್ಡ ಮನೆಯಲ್ಲಿ ಮಾತು ಬೇರೆಯೇ ಆಗುತ್ತದೆ, ಕ್ರೌರ್ಯಕ್ಕೆ ಜಾಗ ಸಿಗುತ್ತದೆ. ನಗರದ ಒಂದು ಪಾಲಿನಿಂದ ಇನ್ನೊಂದಕ್ಕೆ ಮನೆ ಬದಲಿಸುವುದು ನೀತಿಯ ಬದಲಾವಣೆಯೂ ಆಗಬಲ್ಲುದೆಂದು ಇಷ್ಟು ಸಂಯಮದಿಂದ ತೋರಿಸಿದ ಕೃತಿ ಕನ್ನಡದಲ್ಲಿ ವಿರಳ.

ಆದರೆ ಈ ದೊಡ್ಡ ಮನೆಗಳ ಅಡಿಯಲ್ಲಿ ಇನ್ನೊಂದು ಕತೆ ಹೂತುಹೋಗಿದೆ. ಬಿಟಿಎಂ ಬಡಾವಣೆ ಎಂಬ ಮೂರಕ್ಷರದಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆ. ಅಲ್ಲಿ ಬಾಡಿಗೆಗಿರುವ ಬಹುಮಂದಿಗೆ ಅದು ತಿಳಿದಿರಲಾರದು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ 110 ಹಳ್ಳಿಗಳು ನಗರಕ್ಕೆ ಸೇರಿದವು. 2025ರಲ್ಲಿ ಅದರ ಸ್ಥಾನಕ್ಕೆ ಐದು ನಗರಪಾಲಿಕೆಗಳು ಬಂದಾಗ ಅವುಗಳಿಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ದಿಕ್ಕುಗಳ ಹೆಸರಿಟ್ಟರು. ಪೇಟೆಗಳಿಗೆ ಕಸುಬಿನ ಹೆಸರಿಟ್ಟವರ ಕಲ್ಪನೆಗೂ ಇದಕ್ಕೂ ಇರುವ ದೂರವನ್ನು ಭಾಷಾವಿದ್ವಾಂಸರು ಅಳೆಯಬೇಕು. ‘ಹಳ್ಳಿ ಹಾಳಾಯಿತು’ ಎಂದು ಮರುಗುವ ಕತೆಗಳು ನಮ್ಮಲ್ಲಿ ಸಾಕಷ್ಟಿವೆ. ಹೊಲ ಮಾರಿದ ಊರಿನ ಮೂಲನಿವಾಸಿ ಅದೇ ನೆಲದ ಮೇಲೆ ಎದ್ದ ಕಟ್ಟಡದ ಬಾಗಿಲಲ್ಲಿ ಕಾವಲುಗಾರನಾಗಿ ನಿಂತಾಗ ಅವನಿಗೆ ಅದು ಯಾವ ಊರೆನಿಸುತ್ತದೆ ಎಂದು ಕೇಳುವ ಕತೆಗಳು ಅಷ್ಟಿಲ್ಲ.

2016ರ ಏಪ್ರಿಲ್ ತಿಂಗಳಲ್ಲಿ ಭವಿಷ್ಯನಿಧಿಯ ನಿಯಮ ಬದಲಾವಣೆಯನ್ನು ವಿರೋಧಿಸಿ ಸಿದ್ಧ ಉಡುಪು ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಹೊಸೂರು ರಸ್ತೆಗೂ ಪೀಣ್ಯದ ಕಡೆಯ ರಸ್ತೆಗಳಿಗೂ ಇಳಿದರು. ಸರ್ಕಾರ ಆ ನಿಯಮವನ್ನು ಕೈಬಿಡಬೇಕಾಯಿತು. ಅವರಲ್ಲಿ ಅನೇಕರು ಮಂಡ್ಯ, ರಾಮನಗರ, ತುಮಕೂರು ಸೀಮೆಗಳಿಂದ ಬಂದವರು, ಕನ್ನಡವನ್ನೇ ಆಡುವವರು, ಬೊಮ್ಮನಹಳ್ಳಿಯ, ಲಗ್ಗೆರೆಯ ವಠಾರಗಳಲ್ಲಿ ಬಾಡಿಗೆಗೆ ಇರುವವರು. ದಂಡಿನ ಬಗ್ಗೆ ಭಾಷೆಯ ನೆಪ ಹೇಳಿದ ಸಾಹಿತ್ಯಕ್ಕೆ ಇಲ್ಲಿ ಆ ನೆಪವೂ ಇಲ್ಲ. ಆ ವಠಾರದ ನಲ್ಲಿಯ ಮುಂದೆ ಬೆಳಗಿನ ಐದು ಗಂಟೆಗೆ ಆಡುವ ಕನ್ನಡ ಯಾವುದು, ಅದರಲ್ಲಿ ಎಷ್ಟು ಸೀಮೆಗಳ ಮಾತು ಬೆರೆತಿದೆ ಎಂಬುದನ್ನು ಕೈಲಾಸಂ ಆಗಿದ್ದರೆ ಕಿವಿಗೊಟ್ಟು ಕೇಳುತ್ತಿದ್ದರು.