ವೃತ್ತಿಗಾಯಕರು: ಜೋಳಿಗೆಯಿಂದ ಸಂಭಾವನೆಗೆ

ಕನ್ನಡ ಜಾನಪದ ಅಧ್ಯಯನದಲ್ಲಿ 'ವೃತ್ತಿಗಾಯಕ' ಎಂಬ ಪರಿಭಾಷೆ ಬಹುಕಾಲದಿಂದ ಬಳಕೆಯಲ್ಲಿದೆ. ಜೀ.ಶಂ. ಪರಮಶಿವಯ್ಯನವರ ಕ್ಷೇತ್ರಕಾರ್ಯವು ಕಂಸಾಳೆಯವರು, ನೀಲಗಾರರು, ಕಿನ್ನರಿ ಜೋಗಿಗಳು ಮೊದಲಾದ ಪರಂಪರೆಗಳತ್ತ ವಿದ್ವಾಂಸರ ಗಮನ ಸೆಳೆಯಿತು. ಪಿ.ಕೆ. ರಾಜಶೇಖರ ಅವರ 'ಮಲೆಯ ಮಾದೇಶ್ವರ' (1973), ಹಿ.ಚಿ. ಬೋರಲಿಂಗಯ್ಯ ಸಂಪಾದಿಸಿದ ಮಂಟೇಸ್ವಾಮಿ ಕಾವ್ಯ (1997) ಇವು ಮೌಖಿಕ ಕಥನದ ವಿಸ್ತಾರವನ್ನು ಓದುಗರ ಮುಂದಿಟ್ಟವು. ಆದರೆ ಗಾಯನಕ್ಕೆ ಸಂದಷ್ಟು ಗಮನ ವೃತ್ತಿಗೆ ಸಂದಿಲ್ಲ. ಗಾಯಕನು ಏನನ್ನು ಪಡೆದು ಹಾಡುತ್ತಾನೆ, ಪಡೆಯುವ ಹಕ್ಕು ಅವನಿಗೆ ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳನ್ನು ಪಠ್ಯದ ಹೊರಗಿನವೆಂದೇ ಭಾವಿಸಲಾಗಿದೆ.

ಮಂಟೇಸ್ವಾಮಿ ಕಾವ್ಯವು ಈ ಭಾವನೆಯನ್ನು ಒಪ್ಪುವುದಿಲ್ಲ. ಕಂಠಸಿರಿಯೊಂದರಿಂದಲೇ ಯಾರೂ ನೀಲಗಾರರಾಗಲಾರರು. ಗುರುವಿನಿಂದ ದೀಕ್ಷೆ ಪಡೆಯಬೇಕು. ಜೋಳಿಗೆ ಹಿಡಿಯುವ ಅಧಿಕಾರ ದೀಕ್ಷೆಯೊಡನೆ ಬರುತ್ತದೆ. ಇದರ ಮೂಲಮಾದರಿ ಕಾವ್ಯದೊಳಗೇ ಇದೆ. ಪಾಂಚಾಳರ ಮನೆಯ ಕೆಂಪಾಚಾರಿಯು ಸಿದ್ದಪ್ಪಾಜಿಯಾಗಿ, ಗುರುವಿನ ಆಣತಿಯಂತೆ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋಗುತ್ತಾನೆ. ಅಲ್ಲಿನ ಪಾಂಚಾಳರು ಸುಲಭವಾಗಿ ನೀಡದೆ ಅವನನ್ನು ಕಠಿಣ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಈ ಪ್ರಸಂಗವನ್ನು ಹಾಡುವ ನೀಲಗಾರನ ಮಗ್ಗುಲಲ್ಲಿಯೂ ಜೋಳಿಗೆಯಿರುತ್ತದೆ. ಅದಕ್ಕೆ ರಾಗಿ ನೀಡುವ ಕೇಳುಗನು ಹಲಗೂರಿನವರು ನಿರಾಕರಿಸಿದ್ದನ್ನು ಸಲ್ಲಿಸುತ್ತಾನೆ. ಹೀಗೆ ಪ್ರತಿಫಲವು ಕಥನದ ಒಂದು ಅಂಗವೇ ಆಗಿದೆ.

ವೇದಿಕೆಯ ಉತ್ಸವಗಳಲ್ಲಿ ಈ ಸಂಬಂಧ ಬದಲಾಗಿದೆ. ಭಿಕ್ಷೆಯ ಸ್ಥಾನಕ್ಕೆ ಸಂಭಾವನೆ ಬಂದಿದೆ; ರಾತ್ರಿಯಿಡೀ ನಡೆಯುತ್ತಿದ್ದ ಕಥೆ ಕೆಲವು ನಿಮಿಷಗಳಿಗೆ ಇಳಿದಿದೆ. ಬಿರುಸಿನ ಹಾಡು ಉಳಿದು, ಹಿಮ್ಮೇಳದವರೊಡನೆ ಮಾತಿನಲ್ಲಿ ಬೆಳೆಯುವ ಕಥಾಭಾಗ ಮೊದಲು ಬಿಟ್ಟುಹೋಗುತ್ತದೆ. ಹಾಗೆಂದು ಇದನ್ನು ಕೇವಲ ಅವನತಿಯೆಂದು ಕರೆಯುವುದು ಸರಿಯಲ್ಲ. ನೀಲಗಾರರಲ್ಲಿ ಅನೇಕರು ದಲಿತ ಮತ್ತು ಹಿಂದುಳಿದ ಸಮುದಾಯಗಳಿಂದ ಬಂದವರು. ಜೋಳಿಗೆಯು ಗೌರವವನ್ನು ತಂದಂತೆಯೇ ಅವಮಾನವನ್ನೂ ತಂದಿದೆ. ತಲೆಬಾಗದೆ ಕೇಳಬಹುದಾದ ಸಂಭಾವನೆಯನ್ನು ಬಿಟ್ಟು, ಪರಂಪರೆಯ ಹೆಸರಿನಲ್ಲಿ ಭಿಕ್ಷೆಯಲ್ಲಿಯೇ ಇರಬೇಕೆಂದು ಗಾಯಕನಿಗೆ ಹೇಳುವ ಅಧಿಕಾರ ಸಂಶೋಧಕನಿಗಿಲ್ಲ.

ಸಮಸ್ಯೆಯಿರುವುದು ಹಣದಲ್ಲಲ್ಲ, ಹಣವು ಯಾವುದಕ್ಕೆ ಸಲ್ಲುತ್ತದೆ ಎಂಬಲ್ಲಿ. ಇಂದಿನ ಸಂಭಾವನೆ ವೇದಿಕೆಯ ಹಾಜರಿಗೆ ಸಲ್ಲುತ್ತದೆಯೇ ಹೊರತು ಕಥೆಗಲ್ಲ. ಒಂದು ಇರುಳಿನ ಕಥೆಗೇ ಬೆಲೆಯಿಲ್ಲದಾಗ, ಹಲವು ಇರುಳುಗಳ ಸಾಲುಗಳನ್ನು ಕಲಿಯಲು ಎಳೆಯ ಶಿಷ್ಯನಿಗೆ ಕಾರಣವಿರದು. ಆದುದರಿಂದ ಪೂರ್ಣ ಕಥನಕ್ಕೆ, ಹಿಮ್ಮೇಳಕ್ಕೆ, ಕಲಿಕೆಯ ಕಾಲಕ್ಕೆ ಪ್ರತಿಫಲ ಸಲ್ಲುವ ವ್ಯವಸ್ಥೆಯನ್ನು ಕುರಿತು ಚಿಂತಿಸಬೇಕಾಗಿದೆ. ಸಂಶೋಧನೆಯೂ ಪಾಠಾಂತರಗಳಂತೆಯೇ ಗಾಯಕನ ಗಳಿಕೆಯನ್ನು ದಾಖಲಿಸಬೇಕು. ಅಲ್ಲಿಯವರೆಗೆ 'ವೃತ್ತಿಗಾಯಕ' ಎಂಬ ಪದದ ಅರ್ಧವಷ್ಟೇ ಅಧ್ಯಯನಗೊಂಡಂತಾಗುತ್ತದೆ.