ಬ್ರೋಷರ್‌ನಲ್ಲಿ ಯಾವಾಗ್ಲೂ ಸಂಜೆ

ಫ್ಲ್ಯಾಟ್ ಹುಡುಕೋಕೆ ಶುರು ಮಾಡಿದ ಮೇಲೆ ಗೊತ್ತಾಯ್ತು: ಬೆಂಗಳೂರಿನ ಬ್ರೋಷರ್‌ಗಳಲ್ಲಿ ಮಧ್ಯಾಹ್ನವೇ ಆಗುವುದಿಲ್ಲ. ಇನ್ನೂ ಪಾಯ ತೋಡದ ಕಟ್ಟಡಕ್ಕೂ ಜೇನಿನ ಬಣ್ಣದ ಬಿಸಿಲು, ತೆಳು ನೇರಳೆ ಆಕಾಶ, ಕಿಟಕಿಗಳಲ್ಲೆಲ್ಲ ದೀಪ.

ಊರಿಂದ ಬಂದಿದ್ದ ಅಪ್ಪನಿಗೆ ಅಂಥದ್ದೊಂದು ಚಿತ್ರ ತೋರಿಸಿದೆ. ಬಾಲ್ಕನಿಯಲ್ಲಿ ಎರಡು ಕುರ್ಚಿ, ಕೆಳಗೆ ಸಂಜೆಯ ಕಾಫಿಯ ಬಗ್ಗೆ ಒಂದು ಸಾಲು. ಅಪ್ಪ ಕನ್ನಡಕ ಸರಿ ಮಾಡ್ಕೊಂಡು ಕೇಳಿದ್ದು ಇಷ್ಟೇ: "ಬಾಲ್ಕನಿ ಪೂರ್ವಕ್ಕೆ ಅಂದ್ಯಲ್ಲ. ಸಂಜೆ ಬಿಸ್ಲು ಎಲ್ಲಿಂದ ಬಂತೋ?"

ಚಿತ್ರ ದೊಡ್ಡದು ಮಾಡಿ ನೋಡಿದೆ. ಅಷ್ಟು ಬಿಸಿಲಿದ್ದರೂ ಕುರ್ಚಿ ಕಾಲುಗಳಿಗೆ ನೆರಳೇ ಇಲ್ಲ! ಅಂದ್ರೆ ರೆಂಡರ್ ನಿಜವನ್ನೇ ಹೇಳಿತ್ತು, ಸಂಜೆ ಅಲ್ಲಿ ಬಿಸಿಲಿಲ್ಲ ಅಂತ. ಹೊಂಬಣ್ಣ ಆಮೇಲೆ ಬಳಿದದ್ದು.

ಚಿತ್ರ ತಿದ್ದುವುದೇ ತಪ್ಪು ಅಂತ ನಾನು ಹೇಳ್ತಿಲ್ಲ. ರೆಂಡರ್ ಲೆಕ್ಕ ಹಾಕುವ ಬೆಳಕಿನ ವ್ಯಾಪ್ತಿ ಸ್ಕ್ರೀನ್ ತೋರಿಸಬಲ್ಲದ್ದಕ್ಕಿಂತ ಎಷ್ಟೋ ದೊಡ್ಡದು. ಕಿಟಕಿಯ ಬಿಸಿಲೂ ಸೋಫಾ ಕೆಳಗಿನ ನೆರಳೂ ಒಟ್ಟಿಗೆ ಕಾಣಬೇಕಾದರೆ ಅದನ್ನು ಕುಗ್ಗಿಸಲೇಬೇಕು. ಇದೇ ಟೋನ್ ಮ್ಯಾಪಿಂಗ್. ಬ್ಲೆಂಡರ್ 2019ರಲ್ಲಿ 'ಫಿಲ್ಮಿಕ್', 2023ರಲ್ಲಿ 'ಎಜಿಎಕ್ಸ್' ಅನ್ನು ಡಿಫಾಲ್ಟ್ ಮಾಡಿದ್ದೂ ಇದಕ್ಕೇ. ಪ್ರಖರವಾದ ಬಣ್ಣ ಮುದ್ದೆಯಾಗದೆ ಮೆಲ್ಲಗೆ ಬಿಳುಪಿಗೆ ತಿರುಗಬೇಕು.

ಕಲರ್ ಗ್ರೇಡಿಂಗ್ ಬರುವುದು ಅದರ ನಂತರ. 2000ರಲ್ಲಿ ಬಂದ 'ಓ ಬ್ರದರ್, ವೇರ್ ಆರ್ಟ್ ದೌ?' ಸಿನಿಮಾಕ್ಕೆ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಮಿಸಿಸಿಪ್ಪಿಯ ಹಚ್ಚಹಸಿರನ್ನು ಕಂಪ್ಯೂಟರಿನಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿಸಿದರು. ಅದರಿಂದ ಯಾರಿಗೂ ಮೋಸವಾಗಲಿಲ್ಲ. ಆ ಧೂಳು ಕಥೆಗೆ ಬೇಕಿತ್ತು. ಬ್ರೋಷರ್ ಹಿಂದೆ ಇರೋದು ಕಥೆಯಲ್ಲ, 20 ವರ್ಷದ ಇಎಂಐ.

ಇನ್ನೊಂದು ತಮಾಷೆ ಲೆನ್ಸ್ ಫ್ಲೇರ್, ಮೂಲೆಗಳ ಮಬ್ಬು, ಫಿಲ್ಮ್ ಗ್ರೇನ್. ಇಲ್ಲದ ಕ್ಯಾಮೆರಾದ, ಇಲ್ಲದ ಲೆನ್ಸಿನ ದೋಷಗಳನ್ನೆಲ್ಲ ಕೈಯಾರೆ ಸೇರಿಸ್ತಾರೆ, ನಾವು ಫೋಟೊ ಅಂತ ನಂಬಲಿ ಅಂತ. ಕೇಳಿದರೆ "ಆರ್ಟಿಸ್ಟ್ ಇಂಪ್ರೆಷನ್ ಸರ್" ಅಂತಾರೆ.

ಈಗ ಫ್ಲ್ಯಾಟ್ ನೋಡೋಕೆ ಹೋದಲ್ಲೆಲ್ಲ ಒಂದೇ ಕೇಳ್ತೀನಿ: ಏಪ್ರಿಲ್ ತಿಂಗಳ ಮಧ್ಯಾಹ್ನ 12 ಗಂಟೆಯ ಚಿತ್ರ, ಗ್ರೇಡ್ ಮಾಡದೆ ಕೊಡ್ತೀರಾ? ಸೂರ್ಯನ ಜಾಗ ಬದಲಿಸಿ ಮತ್ತೆ ರೆಂಡರ್ ಮಾಡುವಷ್ಟೇ ಕೆಲಸ. ಇದುವರೆಗೆ ಯಾರೂ ಕೊಟ್ಟಿಲ್ಲ.

ನೀವೂ ಕೇಳಿ ನೋಡಿ. ಇಲ್ಲವೇ, ನಮ್ಮಪ್ಪನ ಥರ ಮೊದಲು ದಿಕ್ಕು ನೋಡಿ.