ಸಾರಕ್ಕಿ ಕೆರೆಯೂ ಬಾಣದ ಗುರುತಿನ ಯೋಜನೆಯೂ

ಸ್ವಯಂಸೇವಾ ಸಂಸ್ಥೆಗಳ ಕಚೇರಿಗಳಲ್ಲಿ ಈಗ ಒಂದು ನಕ್ಷೆ ಸಾಮಾನ್ಯ. ಎಡಕ್ಕೆ ಹಣ ಮತ್ತು ಸಿಬ್ಬಂದಿ, ನಡುವೆ ತರಬೇತಿ ಮತ್ತು ಸಭೆಗಳು, ಬಲತುದಿಯಲ್ಲಿ ‘ಸಬಲ ಸಮುದಾಯ’. ಒಂದರಿಂದ ಇನ್ನೊಂದಕ್ಕೆ ಬಾಣಗಳು. ಇದನ್ನು ಥಿಯರಿ ಆಫ್ ಚೇಂಜ್ ಎನ್ನುತ್ತಾರೆ. ಅನುದಾನದ ಅರ್ಜಿಗೆ ಇದನ್ನು ಲಗತ್ತಿಸದಿದ್ದರೆ ಎಷ್ಟೋ ಕಡೆ ಮಾತುಕತೆಯೇ ಮುಂದಕ್ಕೆ ಹೋಗುವುದಿಲ್ಲ.

ಹುಟ್ಟಿದಾಗ ಇದು ಅರ್ಜಿಯ ಲಗತ್ತಾಗಿರಲಿಲ್ಲ. ಅಮೆರಿಕದ ಮೌಲ್ಯಮಾಪನ ತಜ್ಞೆ ಕ್ಯಾರಲ್ ವೈಸ್ 1995ರಲ್ಲಿ ಆಸ್ಪೆನ್ ಇನ್‌ಸ್ಟಿಟ್ಯೂಟ್ ತಂದ ಸಂಕಲನದಲ್ಲಿ ಒಂದು ವಾದ ಮುಂದಿಟ್ಟರು. ಪ್ರತಿ ಸಾಮಾಜಿಕ ಕಾರ್ಯಕ್ರಮದ ಒಳಗೂ ಕೆಲವು ನಂಬಿಕೆಗಳು ಹುದುಗಿರುತ್ತವೆ, ಅವನ್ನು ಬಾಯಿಬಿಟ್ಟು ಹೇಳದೆ ಕಾರ್ಯಕ್ರಮ ಗೆದ್ದಿತೋ ಸೋತಿತೋ ಹೇಳಲಾಗದು ಎಂಬುದು ಅದರ ಸಾರ. ನಮ್ಮಲ್ಲಿ ಇದಕ್ಕೆ ಬಲ ಬಂದದ್ದು ಕಂಪನಿಗಳ ಹಣದಿಂದ. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕಾಯಿತು. 2021ರ ತಿದ್ದುಪಡಿಯ ನಂತರ, ವರ್ಷಕ್ಕೆ ಸರಾಸರಿ 10 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಕೊಡಬೇಕಾದ ಕಂಪನಿಗಳು 1 ಕೋಟಿ ಅಥವಾ ಅದಕ್ಕಿಂತ ಹೆಚ್ಚಿನ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಸಬೇಕಾಯಿತು. ಅಳೆಯುವವರಿಗೆ ನಕ್ಷೆ ಬೇಕಾಯಿತು, ಬಾಣಗಳು ಬೆಳೆದವು.

ಈ ಪದ್ಧತಿಯ ಬೆಲೆ ಕಟ್ಟಲು, ನಕ್ಷೆ ಬರೆಯುವ ಕಮ್ಮಟದ ಕೋಣೆಗಿಂತ ಕೆರೆಯಂಗಳ ವಾಸಿ. ಬೆಂಗಳೂರಿನ ಜೆ.ಪಿ. ನಗರದ ಸಾರಕ್ಕಿ ಕೆರೆಯ ದಾಖಲೆಯ ವಿಸ್ತೀರ್ಣ ಸುಮಾರು 82 ಎಕರೆ. 2015ರ ಏಪ್ರಿಲ್‌ನಲ್ಲಿ ಅಂದಿನ ಜಿಲ್ಲಾಧಿಕಾರಿ ವಿ. ಶಂಕರ್ ನೇತೃತ್ವದಲ್ಲಿ ಜೆಸಿಬಿಗಳು ಇಳಿದು ಒತ್ತುವರಿ ಕಟ್ಟಡಗಳನ್ನು ಕೆಡವಿದವು. ಆಮೇಲೆ ಬೇಲಿ, ನಡಿಗೆ ಪಥ, ಹೂಳೆತ್ತುವ ಕೆಲಸ, ಜಲಮಂಡಳಿಯ ದಿನಕ್ಕೆ 50 ಲಕ್ಷ ಲೀಟರ್ ಸಾಮರ್ಥ್ಯದ ಕೊಳಚೆ ನೀರು ಶುದ್ಧೀಕರಣ ಘಟಕ. ಯಾರೂ ನಕ್ಷೆ ಬರೆದು ಗೋಡೆಗೆ ಹಚ್ಚಲಿಲ್ಲವಾದರೂ ಕೆಲಸದ ಹಿಂದೆ ಒಂದು ಥಿಯರಿ ಇತ್ತು: ಒತ್ತುವರಿ ಹೋದರೆ ಜಾಗ ಉಳಿಯುತ್ತದೆ, ಜಾಗ ಉಳಿದರೆ ನೀರು ನಿಲ್ಲುತ್ತದೆ, ನೀರು ನಿಂತರೆ ಕೆರೆ ಬದುಕುತ್ತದೆ.

ವೈಸ್ ಹೇಳಿದ ಕೆಲಸವನ್ನು ಇಲ್ಲಿ ಮಾಡಿ ನೋಡೋಣ. ಮನೆ ಕಳೆದುಕೊಂಡವರಲ್ಲಿ ಅನೇಕರ ಕೈಯಲ್ಲಿ ನೋಂದಣಿ ಪತ್ರ, ಖಾತೆ, ತೆರಿಗೆ ರಸೀದಿ ಇದ್ದವು. ಅಂದರೆ ಒತ್ತುವರಿ ಶುರುವಾದದ್ದು ಗೋಡೆ ಎದ್ದ ದಿನವಲ್ಲ. ಬಡಾವಣೆ ಮಾಡಿ ಸೈಟು ಮಾರಿದವರು, ಅದನ್ನು ನೋಂದಾಯಿಸಿದ ಉಪನೋಂದಣಾಧಿಕಾರಿ ಕಚೇರಿ, ಖಾತೆ ಮಾಡಿಕೊಟ್ಟ ಪಾಲಿಕೆ, ವಿದ್ಯುತ್ ಸಂಪರ್ಕ ಕೊಟ್ಟ ಕಂಪನಿ, ಎಲ್ಲರೂ ಆ ಗೋಡೆಯ ಹಿಂದೆ ಸಾಲಾಗಿ ನಿಂತಿದ್ದರು. ಗುರಿಯಿಂದ ಹಿಂದಕ್ಕೆ ನಡೆದು ಪ್ರತಿ ಹೆಜ್ಜೆಯ ಕಾರಣ ಹುಡುಕುವುದು ಈ ಪದ್ಧತಿಯ ಮೊದಲ ಪಾಠ. ಸಾರಕ್ಕಿಯಲ್ಲಿ ಆ ನಡಿಗೆ ಮನೆಯ ಬಾಗಿಲಿಗೇ ನಿಂತಿತು. ಶಿಕ್ಷೆ ಕೊನೆಯಲ್ಲಿ ಕೊಂಡವರಿಗೆ ಬಿತ್ತು, ಮಾರಾಟದ ಸರಪಳಿ ಅಲುಗಲಿಲ್ಲ.

ಎರಡನೆಯ ಬಾಣವೂ ಅಷ್ಟೇ ದುರ್ಬಲ. ಈ ಊರಿನ ರಾಜಕಾಲುವೆಗಳಲ್ಲಿ ಮಳೆನೀರಿನ ಜೊತೆ ಕೊಳಚೆಯೂ ಹರಿಯುತ್ತದೆ. ಹಾಗಾಗಿ ಜಾಗ ಉಳಿದರೆ ಸಾಲದು, ಮೇಲಿನ ಮನೆಗಳ ಒಳಚರಂಡಿಯೂ ಸರಿಯಾಗಬೇಕು. ಜಾಗ ಕಂದಾಯ ಇಲಾಖೆಯದು, ಕೆರೆ ಮತ್ತು ರಾಜಕಾಲುವೆ ಪಾಲಿಕೆಯವು, ಒಳಚರಂಡಿ ಜಲಮಂಡಳಿಯದು, ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿಯದು. ಒಂದೊಂದು ಬಾಣಕ್ಕೂ ಒಂದೊಂದು ಇಲಾಖೆ. ಒಂದು ಸಂಸ್ಥೆ ತನ್ನ ಕಮ್ಮಟದಲ್ಲಿ ಬರೆಯುವ ನಕ್ಷೆ ಈ ನಾಲ್ಕು ಕಚೇರಿಗಳ ಮೇಜಿಗೆ ಹೋಗುವುದೇ ಇಲ್ಲ.

ಹಾಗಾದರೆ ಪದ್ಧತಿಯೇ ವ್ಯರ್ಥವೇ? ಸಾರಕ್ಕಿಯ ನೆರೆಯ ಪುಟ್ಟೇನಹಳ್ಳಿ ಕೆರೆಯನ್ನು ನೋಡಿದರೆ ಹಾಗೆನಿಸದು. 13 ಎಕರೆ ಮೀರಿದ ಈ ಚಿಕ್ಕ ಕೆರೆಗಾಗಿ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು 2011ರಲ್ಲಿ ಪಾಲಿಕೆಯೊಂದಿಗೆ ನಿರ್ವಹಣೆಯ ಒಪ್ಪಂದ ಮಾಡಿಕೊಂಡರು. ಮಳೆನೀರು ತಾನಾಗಿ ಬಂದು ತುಂಬುತ್ತದೆ ಎಂಬ ಭರವಸೆ ಸಾಲದೆಂದು ಕಂಡಾಗ, ಪಕ್ಕದ ಸೌತ್ ಸಿಟಿ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರನ್ನು ಕೆರೆಗೆ ತರಿಸಿದರು. ಇಲ್ಲಿ ಮೆಚ್ಚಬೇಕಾದ್ದು ದೊಡ್ಡ ಮಾತಲ್ಲ, ಮುರಿದ ನಂಬಿಕೆಯನ್ನು ಗುರುತಿಸಿ ದಾರಿ ಬದಲಿಸಿದ್ದು. ಗುರಿ ಚಿಕ್ಕದು, ನೋಡುವ ಕಣ್ಣು ದಿನವೂ ಅಲ್ಲೇ. ಆದ್ದರಿಂದಲೇ ತಿದ್ದುಪಡಿ ಸಾಧ್ಯವಾಯಿತು.

ಆದರೂ ಕೈಮೀರಿದ ಬಾಣ ಅಲ್ಲೂ ಇತ್ತು. ಕೆರೆಗಳನ್ನು ಕಂಪನಿಗಳಿಗೆ ಒಪ್ಪಿಸುವುದನ್ನು ಪ್ರಶ್ನಿಸಿದ ಅರ್ಜಿಯಲ್ಲಿ ಹೈಕೋರ್ಟ್ 2020ರಲ್ಲಿ ಇಂಥ ಒಪ್ಪಂದಗಳಿಗೆ ತಡೆ ಹಾಕಿದಾಗ ನಾಗರಿಕ ಗುಂಪುಗಳೂ ಅತಂತ್ರವಾದವು. 2025ರ ಸೆಪ್ಟೆಂಬರ್‌ನಲ್ಲಿ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು. ‘ಪಾಲಿಕೆಯ ಸಹಕಾರ ಮುಂದುವರಿಯುತ್ತದೆ’ ಎಂದು ನಕ್ಷೆಯಡಿ ಚಿಕ್ಕ ಅಕ್ಷರದಲ್ಲಿ ಬರೆದವರೆಲ್ಲ ಈಗ ಯಾವ ಪಾಲಿಕೆ ಎಂದು ಕೇಳಬೇಕಾಗಿದೆ. ಚಿಕ್ಕ ಅಕ್ಷರದ ಈ ಸಾಲುಗಳೇ ಯೋಜನೆಯ ಜೀವಾಳ. ದಾನಿಗಳೆದುರಿನ ಸ್ಲೈಡಿನಲ್ಲಿ ಮೊದಲು ಬಿಟ್ಟುಹೋಗುವುದೂ ಅವೇ.

ಇನ್ನೊಂದು ಆಕ್ಷೇಪ ಇದಕ್ಕಿಂತ ಆಳದ್ದು. ‘ಕೆರೆ ಬದುಕಿತು’ ಎಂದರೆ ಯಾರ ಪಾಲಿಗೆ? ಬೆಳಗಿನ ನಡಿಗೆಯವರಿಗೆ ಪಥ ಬಂದರೆ ಗುರಿ ಮುಟ್ಟಿತು. ಹಿಂದೆ ಇದೇ ಕೆರೆಗಳಲ್ಲಿ ಮೀನು ಹಿಡಿದವರು, ಬಟ್ಟೆ ಒಗೆದವರು, ದನಕ್ಕೆ ನೀರು ಕುಡಿಸಿ ಹುಲ್ಲು ಕೊಯ್ದವರು ನಕ್ಷೆಯ ಯಾವ ಚೌಕದಲ್ಲೂ ಇಲ್ಲ. ಬೆಂಗಳೂರಿನ ಕೆರೆಗಳು ಎಲ್ಲರ ಬದುಕಿನ ಆಸರೆಯಾಗಿದ್ದುದು ಕೆಲವರ ವಿಹಾರದ ತಾಣವಾದ ಬಗೆಯನ್ನು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ವಿವರವಾಗಿ ಬರೆದಿದ್ದಾರೆ. ಬಲತುದಿಯ ಚೌಕದಲ್ಲಿ ಏನು ಬರೆಯಬೇಕೆಂದು ನಿರ್ಧರಿಸುವವರು ಕಮ್ಮಟಕ್ಕೆ ಬಂದವರು. ಕೂಲಿ ಬಿಟ್ಟು ಬರಲಾಗದವರ ಬಯಕೆ ಅಲ್ಲಿಗೆ ತಲುಪದು. ಪದ್ಧತಿ ಇದನ್ನು ಹುಟ್ಟಿಸಲಿಲ್ಲ, ನಿಜ. ಆದರೆ ಅಚ್ಚುಕಟ್ಟಾದ ಚೌಕಗಳಿಂದ ಅದನ್ನು ಮುಚ್ಚಿಹಾಕಿತು.

ಆದ್ದರಿಂದ ನನ್ನ ತೀರ್ಪು ಹೀಗೆ. ಥಿಯರಿ ಆಫ್ ಚೇಂಜ್ ಯೋಚನೆಯ ಸಾಧನವಾಗಿ ಒಳ್ಳೆಯದು, ಅನುದಾನದ ಲಗತ್ತಾಗಿ ಕೆಟ್ಟದ್ದು. ಲಗತ್ತಾದ ದಿನವೇ ಅದು ವಾಗ್ದಾನವಾಗುತ್ತದೆ, ವಾಗ್ದಾನವನ್ನು ತಿದ್ದಿದರೆ ಮಾತು ತಪ್ಪಿದಂತೆ. ಹಾಗಾಗಿ ಸುಳ್ಳಾದ ಬಾಣವನ್ನು ಅಳಿಸುವ ಬದಲು ಸಂಸ್ಥೆಗಳು ಅದರ ಸುತ್ತ ಅಂಕಿಅಂಶ ಜೋಡಿಸುತ್ತವೆ: ಎಷ್ಟು ಸಸಿ ನೆಟ್ಟೆವು, ಎಷ್ಟು ಸಭೆ ನಡೆಸಿದೆವು. ನೀರಿನ ಮಾತು ಬರುವುದೇ ಇಲ್ಲ.

ಇದನ್ನು ಸರಿಪಡಿಸುವ ಶಕ್ತಿ ಹಣ ಕೊಡುವವರಲ್ಲಿದೆ. ವರ್ಷದ ಕೊನೆಗೆ ಅವರು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಸಾಧಿಸಿದಿರಿ’ ಎಂದಲ್ಲ, ‘ನಿಮ್ಮ ಯಾವ ನಂಬಿಕೆ ಈ ವರ್ಷ ಸುಳ್ಳಾಯಿತು’ ಎಂದು. ಉತ್ತರ ‘ಯಾವುದೂ ಇಲ್ಲ’ ಎಂದಾದರೆ ಮುಂದಿನ ಕಂತು ತಡೆಹಿಡಿಯಲು ಅದೇ ಸಾಕಷ್ಟು ಕಾರಣ.